ಮರೆವಿನ ಕಾಯಿಲೆ ಬಂದವರು ಮನೆಯಿಂದ ಹೊರಗೆ: ಏಕೆ ಹೋಗಬೇಕು, ಹೇಗೆ ಹೋಗಬೇಕು

ನಿವೃತ್ತರ ಊರು ಎಂದೇ ಹೆಸರಾಗಿರುವ ಮೈಸೂರಿನಲ್ಲಿ ಡಿಮೆನ್ಶಿಯಾ ಎಂಬ ಹೆಸರು ಕೇಳದ ಬೀದಿ ಈಗ ಇರಲಾರದು. ಭಾರತದಲ್ಲಿ 60 ವರ್ಷ ದಾಟಿದವರಲ್ಲಿ ಸುಮಾರು ಶೇ 7.4ರಷ್ಟು ಮಂದಿಗೆ, ಅಂದರೆ ಸರಿಸುಮಾರು 88 ಲಕ್ಷ ಜನರಿಗೆ ಈ ಕಾಯಿಲೆ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು ಅಂದಾಜು ಮಾಡಿತು. ವೈದ್ಯರು ಕಾಯಿಲೆಯ ಹೆಸರು ಹೇಳಿದ ದಿನ ಮನೆಯವರು ಗುಳಿಗೆ, ಸ್ಕ್ಯಾನ್, ಪಥ್ಯಗಳ ಬಗ್ಗೆ ವಿಚಾರಿಸುತ್ತಾರೆ. ಬೆಳಗಿನ ವಾಯುವಿಹಾರ, ಭಜನೆ, ಮದುವೆ ಮನೆ, ಗೆಳೆಯರು ಸೇರುವ ಕಲ್ಲುಬೆಂಚು ಇವುಗಳ ಗತಿಯೇನು ಎಂದು ಕೇಳುವವರು ಕಡಿಮೆ. ಆ ತೀರ್ಮಾನವನ್ನು ಯಾರೂ ಕುಳಿತು ಮಾಡುವುದಿಲ್ಲ. ಮೊದಲು ಒಬ್ಬರನ್ನೇ ಕಳುಹಿಸುವುದು ನಿಲ್ಲುತ್ತದೆ, ಆಮೇಲೆ ಕರೆದುಕೊಂಡು ಹೋಗುವುದಕ್ಕೆ ಯಾರಿಗೂ ಬಿಡುವಿರುವುದಿಲ್ಲ, ಕೆಲವು ತಿಂಗಳಲ್ಲಿ ಅವರ ಪ್ರಪಂಚ ಹಜಾರದ ಕುರ್ಚಿಗೂ ಟಿವಿಗೂ ನಡುವಿನ ಜಾಗಕ್ಕೆ ಇಳಿದಿರುತ್ತದೆ. ಹೀಗಾಗುವುದರಲ್ಲಿ ಕಾಯಿಲೆಯ ಪಾಲು ಎಷ್ಟು, ನಮ್ಮ ಏರ್ಪಾಡಿನ ಪಾಲು ಎಷ್ಟು ಎಂಬುದನ್ನು ಬಿಡಿಸಿ ನೋಡುವುದು ಈ ಲೇಖನದ ಉದ್ದೇಶ.

ಡಿಮೆನ್ಶಿಯಾ ಎಂದರೇನು

ಡಿಮೆನ್ಶಿಯಾ ಒಂದೇ ರೋಗದ ಹೆಸರಲ್ಲ. ನೆನಪು, ಮಾತು, ಲೆಕ್ಕಾಚಾರ, ದಾರಿ ಗುರುತಿಸುವುದು, ಕೆಲಸವನ್ನು ಕ್ರಮವಾಗಿ ಮಾಡುವುದು ಮೊದಲಾದ ಸಾಮರ್ಥ್ಯಗಳು ನಿತ್ಯದ ಬದುಕಿಗೆ ತೊಡಕಾಗುವಷ್ಟು ಕುಗ್ಗಿದ ಸ್ಥಿತಿಗೆ ಆ ಹೆಸರಿದೆ. ಅದಕ್ಕೆ ಕಾರಣಗಳು ಹಲವು. ಜರ್ಮನಿಯ ವೈದ್ಯ ಅಲೋಯಿಸ್ ಆಲ್ಝೈಮರ್ 1906ರಲ್ಲಿ ಮೊದಲು ವಿವರಿಸಿದ, ಈಗ ಅವರ ಹೆಸರಿನಿಂದಲೇ ಕರೆಯುವ ಕಾಯಿಲೆ ಎಲ್ಲಕ್ಕಿಂತ ಸಾಮಾನ್ಯವಾದದ್ದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಡಿಮೆನ್ಶಿಯಾ ಇರುವವರಲ್ಲಿ ಶೇ 60ರಿಂದ 70ರಷ್ಟು ಮಂದಿಯಲ್ಲಿ ಕಾರಣ ಅದೇ. ಮೆದುಳಿನ ರಕ್ತನಾಳಗಳು ಹಾಳಾಗಿ ಬರುವ ಬಗೆ ಇನ್ನೊಂದು; ಸಕ್ಕರೆ ಕಾಯಿಲೆ, ರಕ್ತದೊತ್ತಡ ಹೆಚ್ಚಾಗಿರುವ ನಮ್ಮಲ್ಲಿ ಇದೂ ಅಪರೂಪವಲ್ಲ. ದಿನದಿಂದ ದಿನಕ್ಕೆ ಏರುಪೇರಾಗುವ, ಇಲ್ಲದ ವಸ್ತುಗಳು ಕಣ್ಣಿಗೆ ಕಾಣುವ ಲೂಯಿ ಬಾಡಿ ಡಿಮೆನ್ಶಿಯಾ ಮತ್ತು ನೆನಪಿಗಿಂತ ಮೊದಲು ನಡವಳಿಕೆಯೇ ಬದಲಾಗುವ ಫ್ರಂಟೋಟೆಂಪೊರಲ್ ಡಿಮೆನ್ಶಿಯಾ ಉಳಿದ ಎರಡು ಮುಖ್ಯ ಬಗೆಗಳು.

ವಯಸ್ಸಾದ ಮೇಲೆ ಅರಳು ಮರಳು ಸಹಜ ಎಂದು ತಳ್ಳಿಹಾಕಿ ವೈದ್ಯರ ಬಳಿಗೆ ಹೋಗುವುದನ್ನು ಮುಂದೂಡಬಾರದು ಎನ್ನುವುದಕ್ಕೆ ಒಂದು ಕಾರಣವಿದೆ. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ದೋಷ, ಖಿನ್ನತೆ, ತಲೆಗೆ ಪೆಟ್ಟಾಗಿ ಒಳಗೆ ರಕ್ತ ಸೇರಿಕೊಂಡಿರುವುದು ಇವೂ ಇಂಥದೇ ಮರೆವನ್ನು ತರಬಲ್ಲವು, ಮತ್ತು ಇವಕ್ಕೆ ಚಿಕಿತ್ಸೆಯಿದೆ. ಮುಂದಿನ ಮಾತುಗಳು, ಇವೆಲ್ಲವನ್ನೂ ಪರೀಕ್ಷಿಸಿ ನೋಡಿ ಡಿಮೆನ್ಶಿಯಾ ಎಂದೇ ಖಚಿತವಾದವರ ಕುರಿತು.

ಯಾವುದು ಹೋಗುತ್ತದೆ, ಯಾವುದು ಉಳಿಯುತ್ತದೆ

ಹೊರಗಿನ ಬದುಕು ಸಾಧ್ಯವೇ ಎಂಬ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ. ನೆನಪು ಎಂದು ನಾವು ಒಂದೇ ಹೆಸರಿನಿಂದ ಕರೆಯುವುದು ಮೆದುಳಿನಲ್ಲಿ ಹಲವು ಬೇರೆ ಬೇರೆ ಕೆಲಸಗಳಾಗಿ ಹಂಚಿಹೋಗಿದೆ. ಇವತ್ತು ಬೆಳಿಗ್ಗೆ ಏನಾಯಿತು ಎಂಬಂತಹ ಹೊಸ ಸಂಗತಿಗಳನ್ನು ದಾಖಲಿಸಲು ಹಿಪೊಕ್ಯಾಂಪಸ್ ಎಂಬ ಭಾಗ ಬೇಕೇ ಬೇಕು, ಮತ್ತು ಆಲ್ಝೈಮರ್ ಕಾಯಿಲೆಯಲ್ಲಿ ಮೊದಲು ಪೆಟ್ಟು ಬೀಳುವ ಜಾಗಗಳಲ್ಲಿ ಅದೂ ಒಂದು. ಆದ್ದರಿಂದಲೇ ತಿಂಡಿ ತಿಂದದ್ದು ಮರೆತುಹೋಗುತ್ತದೆ, ಐವತ್ತು ವರ್ಷದ ಹಿಂದಿನ ಶಾಲೆಯ ಮೇಷ್ಟರ ಹೆಸರು ನೆನಪಿರುತ್ತದೆ.

ಕೈಕಾಲಿಗೆ ರೂಢಿಯಾದ ಕೆಲಸಗಳ ನೆನಪು ಮೆದುಳಿನ ಬೇರೆ ಭಾಗಗಳಲ್ಲಿರುತ್ತದೆ ಮತ್ತು ಬಹುಕಾಲ ಉಳಿಯುತ್ತದೆ. ಹೂ ಕಟ್ಟುವುದು, ವೀಳ್ಯದೆಲೆಗೆ ಸುಣ್ಣ ಸವರಿ ಮಡಿಸುವುದು, ಇಸ್ಪೀಟು ಕಲಸುವುದು, ನಮಾಜಿನ ಭಂಗಿಗಳು, ಚರ್ಚಿನಲ್ಲಿ ಏಳುವ, ಮಂಡಿಯೂರುವ ಕ್ರಮ ಇವೆಲ್ಲ ಈ ವರ್ಗಕ್ಕೆ ಸೇರುತ್ತವೆ. ಮಗನ ಹೆಸರು ತಡವರಿಸುವ ತಾಯಿ ಸಹಸ್ರನಾಮವನ್ನು ಗುಂಪಿನ ಜೊತೆ ತಡೆಯಿಲ್ಲದೆ ಹೇಳಿಕೊಂಡು ಹೋಗುವುದನ್ನು ಕಂಡು ಮನೆಯವರು ಇದು ನಟನೆಯೇ ಎಂದು ಅನುಮಾನಿಸುವುದುಂಟು. ಅದು ನಟನೆಯಲ್ಲ. ಹಾಡು ಮತ್ತು ಲಯಬದ್ಧ ಪಠಣದ ನೆನಪು ಕಾಯಿಲೆ ಸಾಕಷ್ಟು ಮುಂದುವರಿದ ಮೇಲೂ ಉಳಿದಿರುವುದನ್ನು ವೈದ್ಯರು ಮತ್ತೆ ಮತ್ತೆ ಕಂಡಿದ್ದಾರೆ.

ಮೂರನೆಯದು ಭಾವನೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಚಿಕ್ಕ ಅಧ್ಯಯನವೊಂದರಲ್ಲಿ ಆಲ್ಝೈಮರ್ ಇರುವವರಿಗೆ ದುಃಖದ ಮತ್ತು ಸಂತೋಷದ ಸಿನಿಮಾ ತುಣುಕುಗಳನ್ನು ತೋರಿಸಿದರು. ಕೆಲವೇ ನಿಮಿಷಗಳಲ್ಲಿ ತಾವು ನೋಡಿದ್ದೇನೆಂದು ಅವರಿಗೆ ಬಹುಮಟ್ಟಿಗೆ ಮರೆತುಹೋಗಿತ್ತು. ಆದರೆ ಆ ತುಣುಕು ಎಬ್ಬಿಸಿದ ದುಃಖವೋ ಸಂತೋಷವೋ ಅರ್ಧ ಗಂಟೆಯಾದರೂ ಇಳಿದಿರಲಿಲ್ಲ. “ಕರೆದುಕೊಂಡು ಹೋಗಿ ಏನು ಪ್ರಯೋಜನ, ಮನೆಗೆ ಬರುವಷ್ಟರಲ್ಲಿ ಮರೆತಿರುತ್ತಾರೆ” ಎಂಬ ಮಾತಿಗೆ ಇದಕ್ಕಿಂತ ನೇರವಾದ ಉತ್ತರ ಬೇರೆ ಇಲ್ಲ. ಹೋಗಿಬಂದ ಸಂಗತಿ ಅಳಿಸಿಹೋದರೂ ಅದರ ಗೆಲುವು ಸಂಜೆಯವರೆಗೆ ಬರಬಹುದು. ಬೈದು ಕರೆದುಕೊಂಡು ಬಂದರೆ ಆ ಬೇಸರವೂ ಹಾಗೆಯೇ ಬರುತ್ತದೆ.

ಜನರ ನಡುವೆ ಇರುವುದರಿಂದ ಸಿಗುವುದು, ಸಿಗದಿರುವುದು

ಇಲ್ಲಿ ಎರಡು ವಿಷಯಗಳು ಕಲಸಿಹೋಗುವುದು ಹೆಚ್ಚು. ಮೊದಲನೆಯದು ಕಾಯಿಲೆ ಬರುವುದಕ್ಕೆ ಮುಂಚಿನ ಮಾತು. ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗವು 2024ರ ವರದಿಯಲ್ಲಿ, ಬದಲಾಯಿಸಬಹುದಾದ 14 ಅಪಾಯಕಾರಿ ಅಂಶಗಳನ್ನು ಗುರುತಿಸಿ, ಅವೆಲ್ಲವನ್ನೂ ನಿವಾರಿಸಿದರೆ ಜಗತ್ತಿನ ಡಿಮೆನ್ಶಿಯಾ ಪ್ರಕರಣಗಳಲ್ಲಿ ಸುಮಾರು ಶೇ 45ರಷ್ಟನ್ನು ತಡೆಯಬಹುದು ಇಲ್ಲವೇ ಮುಂದೂಡಬಹುದು ಎಂದು ಲೆಕ್ಕ ಹಾಕಿತು. ಜನಸಂಪರ್ಕವಿಲ್ಲದ ಒಂಟಿತನ ಆ ಪಟ್ಟಿಯಲ್ಲಿದೆ. ಕಿವಿ ಮಂದವಾಗುವುದು, ಚಿಕಿತ್ಸೆ ಪಡೆಯದ ದೃಷ್ಟಿದೋಷ, ಖಿನ್ನತೆ ಕೂಡ ಇವೆ. ಬದುಕಿನುದ್ದಕ್ಕೂ ಓದು, ಕೆಲಸ, ಒಡನಾಟಗಳಿಂದ ಮೆದುಳು ಗಳಿಸಿಕೊಳ್ಳುವ ಮೀಸಲು ಶಕ್ತಿಯೇ ಇದರ ಹಿಂದಿನ ತರ್ಕ. ಮಂಡ್ಯದ ರೈತರಿಗೆ ಇದು ಬೇಗ ಹೊಳೆಯುತ್ತದೆ: ಮುಖ್ಯ ನಾಲೆಯಲ್ಲಿ ಹೂಳು ತುಂಬಿದರೂ, ಪಕ್ಕದ ಕಾಲುವೆಗಳನ್ನು ತೆರೆದಿಟ್ಟುಕೊಂಡವರ ಗದ್ದೆಗೆ ಸ್ವಲ್ಪ ಕಾಲ ನೀರು ಹರಿಯುತ್ತಲೇ ಇರುತ್ತದೆ.

ಎರಡನೆಯದು ಕಾಯಿಲೆ ಬಂದ ನಂತರದ ಮಾತು. ಹೊರಗೆ ಓಡಾಡಿದರೆ ರೋಗ ನಿಂತುಹೋಗುತ್ತದೆ ಎಂದು ಹೇಳುವ ಪುರಾವೆಯಿಲ್ಲ, ಹಾಗೆ ಭರವಸೆ ಕೊಡುವವರನ್ನು ನಂಬಬಾರದು. ಸಿಗುವ ಲಾಭಗಳು ಬೇರೆ: ಮನಸ್ಸಿನ ಕುಗ್ಗುವಿಕೆ ಕಡಿಮೆಯಾಗುತ್ತದೆ, ಹಗಲಿನ ಓಡಾಟ ಮತ್ತು ಬಿಸಿಲಿನಿಂದ ರಾತ್ರಿಯ ನಿದ್ದೆಗೆ ಅನುಕೂಲವಾಗುತ್ತದೆ, ಬಳಕೆಯಲ್ಲಿರುವ ಮಾತು ಬಳಕೆಯಲ್ಲಿಯೇ ಉಳಿಯುತ್ತದೆ. ಗುಂಪಿನ ಚಟುವಟಿಕೆಗೆ ಗಟ್ಟಿಯಾದ ಸಾಕ್ಷ್ಯವೂ ಉಂಟು. ವಾರಕ್ಕೆ ಎರಡು ಬಾರಿಯಂತೆ ಏಳು ವಾರ, ಒಟ್ಟು 14 ಸಲ ಸಣ್ಣ ಗುಂಪಿನಲ್ಲಿ ಕುಳಿತು ಆಟ, ಹಾಡು, ಹಳೆಯ ವಸ್ತುಗಳ ಕುರಿತ ಮಾತುಕತೆ ನಡೆಸುವ ‘ಕಾಗ್ನಿಟಿವ್ ಸ್ಟಿಮ್ಯುಲೇಶನ್ ಥೆರಪಿ’ಯನ್ನು ಬ್ರಿಟನ್ನಿನಲ್ಲಿ ಪರೀಕ್ಷಿಸಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು, ಭಾಗವಹಿಸಿದವರ ಗ್ರಹಣಶಕ್ತಿ ಮತ್ತು ಜೀವನದ ಗುಣಮಟ್ಟ ಎರಡೂ ಸುಧಾರಿಸಿದ್ದವು. ಆರಂಭದ ಮತ್ತು ಮಧ್ಯಮ ಹಂತದವರಿಗೆ ಅಲ್ಲಿ ಇದನ್ನು ಅಧಿಕೃತವಾಗಿಯೇ ಶಿಫಾರಸು ಮಾಡುತ್ತಾರೆ. ಚೆನ್ನೈನಲ್ಲಿ ಇದನ್ನು ಭಾರತೀಯ ಜೀವನಕ್ರಮಕ್ಕೆ ಹೊಂದಿಸುವ ಕೆಲಸ ನಡೆದಿದೆ.

ಹೊರಗಿನ ಓಡಾಟ ನಿಲ್ಲುವುದು ಹೇಗೆ

“ಅವರಿಗೇ ಎಲ್ಲಿಗೂ ಬರಲು ಇಷ್ಟವಿಲ್ಲ” ಎನ್ನುವುದು ಎಲ್ಲ ಮನೆಗಳಲ್ಲೂ ಕೇಳುವ ಮಾತು. ಅದು ನಿಜವೂ ಹೌದು, ಆದರೆ ಅದಕ್ಕೆ ಅರ್ಥ ಬೇರೆ. ನಿರಾಸಕ್ತಿ ಡಿಮೆನ್ಶಿಯಾದ ಅತಿ ಸಾಮಾನ್ಯ ಲಕ್ಷಣಗಳಲ್ಲೊಂದು. ಕೆಲಸವನ್ನು ತಾವಾಗಿ ಶುರು ಮಾಡುವ ಶಕ್ತಿ ಕುಗ್ಗಿರುತ್ತದೆ, ಶುರುವಾದ ಮೇಲೆ ಅದರಲ್ಲಿ ಸೇರಿಕೊಳ್ಳುವ ಶಕ್ತಿ ಉಳಿದಿರುತ್ತದೆ. “ವಾಕಿಂಗ್ ಹೋಗೋಣವೇ?” ಎಂದು ಕೇಳಿದರೆ “ಬೇಡ” ಎಂಬ ಉತ್ತರ ಬರುವುದು ಹೆಚ್ಚು. ಚಪ್ಪಲಿಯನ್ನು ಕಾಲಿನ ಹತ್ತಿರ ಇಟ್ಟು, ಕೈಚೀಲ ಹಿಡಿದು, “ಬನ್ನಿ ಅಪ್ಪ, ಹೂವು ತರೋಣ” ಎಂದರೆ ಎದ್ದು ಬರುವ ಸಾಧ್ಯತೆ ಹೆಚ್ಚು. ಇದು ಬಲವಂತಕ್ಕೆ ಕೊಟ್ಟ ಪರವಾನಗಿಯಲ್ಲ. ಬಾಗಿಲವರೆಗೆ ಬಂದ ಮೇಲೂ ಬೇಡವೆಂದರೆ ಅಂದಿಗೆ ಬಿಡಬೇಕು.

ಕಾಯಿಲೆ ಇರುವವರಿಗೆ, ಅದರಲ್ಲೂ ಆರಂಭದ ಹಂತದಲ್ಲಿ, ತಮ್ಮ ತಪ್ಪುಗಳು ಚೆನ್ನಾಗಿಯೇ ಗೊತ್ತಾಗುತ್ತವೆ. ಹೆಸರು ಹೊಳೆಯದೆ ನಾಲ್ಕು ಜನರ ಮುಂದೆ ನಿಂತ ಅವಮಾನ ಮತ್ತೆ ಆಗಬಾರದೆಂದು ಅವರೇ ಹಿಂದೆ ಸರಿಯುತ್ತಾರೆ. ಕಿವಿ ಸರಿಯಾಗಿ ಕೇಳದಿದ್ದರೆ ಇದು ಇಮ್ಮಡಿಯಾಗುತ್ತದೆ, ಏಕೆಂದರೆ ಅರ್ಧ ಕೇಳಿದ ಮಾತನ್ನು ಊಹಿಸಿ ತುಂಬಿಸಿಕೊಳ್ಳುವ ಸಾಮರ್ಥ್ಯ ಮೆದುಳಿಗೆ ಈಗ ಮೊದಲಿನಷ್ಟು ಇಲ್ಲ. ಮೈಸೂರಿನವರಿಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ: ಮಾನಸಗಂಗೋತ್ರಿಯ ಪಕ್ಕದಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಕಿವಿಯ ಪರೀಕ್ಷೆ, ಶ್ರವಣ ಸಾಧನ, ಮಾತಿನ ತೊಂದರೆಗೆ ತರಬೇತಿ ಮೂರೂ ಒಂದೇ ಆವರಣದಲ್ಲಿ ದೊರೆಯುತ್ತವೆ.

ಗಂಡಸರ ವಿಷಯದಲ್ಲಿ ಹೊರಗಿನ ಬದುಕು ಮುಗಿಯುವ ದಿನ ಹಲವು ಮನೆಗಳಲ್ಲಿ ನಿಖರವಾಗಿ ಗೊತ್ತಿರುತ್ತದೆ: ಸ್ಕೂಟರಿನ ಬೀಗದ ಕೈ ಕಿತ್ತುಕೊಂಡ ದಿನ. ವಾಹನ ಓಡಿಸುವುದನ್ನು ನಿಲ್ಲಿಸಲೇಬೇಕಾದ ಕಾಲ ಬರುತ್ತದೆ, ಅದರಲ್ಲಿ ರಾಜಿಯಿಲ್ಲ. ಆದರೆ ಸ್ಕೂಟರಿನ ಜೊತೆಗೆ ಲೈಬ್ರರಿ, ತರಕಾರಿ, ಕಾಫಿಪುಡಿ ಅಂಗಡಿ, ಹಳೆಯ ಸಹೋದ್ಯೋಗಿಯ ಮನೆ ಎಲ್ಲವೂ ಹೋಗುತ್ತವೆ ಎಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬೀದಿಯ ತುದಿಯಲ್ಲಿ ನಿಲ್ಲುವ ಪರಿಚಿತ ಆಟೋ ಚಾಲಕರೊಬ್ಬರನ್ನು ಗೊತ್ತು ಮಾಡಿ, ಅವರಿಗೆ ವಿಷಯ ತಿಳಿಸಿ, ವಾರಕ್ಕೆ ಎರಡು ದಿನ ಅದೇ ಜಾಗಗಳಿಗೆ ಕರೆದುಕೊಂಡು ಹೋಗಿ ಬರುವ ವ್ಯವಸ್ಥೆಯನ್ನು ಬೀಗದ ಕೈ ತೆಗೆದುಕೊಳ್ಳುವ ಮೊದಲೇ ಮಾಡಿಕೊಳ್ಳಬೇಕು.

ಜಾಗ ಮತ್ತು ಹೊತ್ತು

ಹೊರಗೆ ಹೋಗುವುದನ್ನು ನಿಲ್ಲಿಸುವ ಬದಲು ಹೊರಗನ್ನು ಚಿಕ್ಕದು ಮಾಡಿಕೊಳ್ಳುವುದು ಸರಿಯಾದ ದಾರಿ. ಅದೇ ಜಾಗ, ಅದೇ ಹೊತ್ತು, ಅದೇ ದಾರಿ, ಕೆಲವೇ ಜನ ಎಂಬ ನಾಲ್ಕು ಷರತ್ತುಗಳು ಕೂಡಿದರೆ ಹೊಸ ನೆನಪಿನ ಅಗತ್ಯ ಕಡಿಮೆಯಾಗುತ್ತದೆ, ರೂಢಿಯೇ ಮುನ್ನಡೆಸುತ್ತದೆ.

ಮಂಡ್ಯದ ಹಳ್ಳಿಗಳಲ್ಲಿ ಇಂಥ ಏರ್ಪಾಡು ತಾನಾಗಿಯೇ ಇದೆ. ಬೆಳಿಗ್ಗೆ, ಸಂಜೆ ಹಾಲಿನ ಡೇರಿಗೆ ಹೋಗುವುದನ್ನು ನೋಡಿ: ಗೊತ್ತಾದ ಸಮಯ, ಗೊತ್ತಾದ ದಾರಿ, ಕೈಯಲ್ಲಿ ಕ್ಯಾನು, ಸಾಲಿನಲ್ಲಿ ಹತ್ತಾರು ವರ್ಷದ ಪರಿಚಯದವರು, ಎರಡು ಮಾತು, ವಾಪಸು. ಲೆಕ್ಕದ ಚೀಟಿಯನ್ನು ಮೊಮ್ಮಗ ನೋಡಿಕೊಂಡರಾಯಿತು, ಹಾಲು ಹಾಕಿ ಬರುವ ಕೆಲಸ ಅಜ್ಜನದೇ ಆಗಿರಲಿ. ಆದರೆ ದಾರಿಯಲ್ಲಿ ನಾಲೆಯ ಏರಿ ಇದ್ದರೆ ಜೊತೆಗೊಬ್ಬರು ಇರಲೇಬೇಕು. ಆಳ, ದೂರಗಳನ್ನು ಕಣ್ಣು ಅಳೆಯುವ ರೀತಿ ಈ ಕಾಯಿಲೆಯಲ್ಲಿ ಕೆಡುತ್ತದೆ. ಕಪ್ಪು ಕಾಲೊರಸು ಹಳ್ಳದಂತೆ, ಹೊಳೆಯುವ ನೆಲ ನೀರಿನಂತೆ ಕಾಣುವುದುಂಟು. ಕಲ್ಯಾಣ ಮಂಟಪದ ಗ್ರಾನೈಟ್ ನೆಲದ ಮೇಲೆ ಕಾಲಿಡಲು ಹಿರಿಯರು ಹಿಂಜರಿದರೆ ಅದನ್ನು ಹಟವೆಂದು ತಿಳಿಯಬಾರದು.

ಮೈಸೂರಿನಲ್ಲಿ ಕುಕ್ಕರಹಳ್ಳಿ ಕೆರೆಯಂತಹ ಜಾಗ ಒಳ್ಳೆಯದೇ, ಆದರೆ ಸುತ್ತು ಹಾಕುವ ದಾರಿ ನಾಲ್ಕು ಕಿಲೋಮೀಟರಿಗಿಂತ ಉದ್ದವಿರುವುದರಿಂದ ಅರ್ಧದಲ್ಲಿ ಸುಸ್ತಾದರೆ ಫಜೀತಿ. ಒಳಗೆ ಹೋದ ಗೇಟಿನಿಂದಲೇ ಹೊರಬರುವಂತೆ, ಮೊದಲ ಒಂದೆರಡು ಬೆಂಚುಗಳವರೆಗೆ ಹೋಗಿ ಕುಳಿತು ಬರುವುದು ಸಾಕು. ದೇವರಾಜ ಮಾರುಕಟ್ಟೆಯಲ್ಲಿ ವರ್ಷಗಟ್ಟಲೆ ವ್ಯಾಪಾರ ಮಾಡಿದವರಿಗೆ ಅಲ್ಲಿನ ಹೂವಿನ ಸಾಲಿನ ವಾಸನೆಯೇ ಎಷ್ಟೋ ಹಳೆಯ ಮಾತುಗಳನ್ನು ಹೊರತರಬಹುದು. ಬೆಳಿಗ್ಗೆ ಜನ ಕಡಿಮೆ ಇರುವಾಗ, ಒಂದೇ ಸಾಲಿಗೆ ಹೋಗಿ ಬರಬೇಕು. ದಿನನಿತ್ಯಕ್ಕೆ ಮೊಹಲ್ಲಾದ ಅಂಗಡಿಯೇ ಮೇಲು. ಅಂಗಡಿಯವರಿಗೆ ಹೇಳಿಟ್ಟರೆ ಕೊಟ್ಟ ನೋಟು, ಕೊಡಬೇಕಾದ ಚಿಲ್ಲರೆಯ ಗೊಂದಲವನ್ನು ಮನೆಯವರು ಆಮೇಲೆ ತೀರಿಸಿಕೊಳ್ಳಬಹುದು. ಹೆಂಗಸರಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸು ಉಚಿತವಾಗಿರುವುದು ಅಮ್ಮನ ಜೊತೆ ಹೊರಡುವ ಮಗಳಿಗೋ ಸೊಸೆಗೋ ಖರ್ಚಿನ ಅಡ್ಡಿಯನ್ನು ತೆಗೆದಿದೆ. ಶಾಲೆ, ಕಚೇರಿಗಳ ಹೊತ್ತು ತಪ್ಪಿಸಿದರೆ ಕೂರಲು ಜಾಗ ಸಿಗುತ್ತದೆ.

ಹೊತ್ತಿನ ವಿಷಯಕ್ಕೆ ಬಂದರೆ, ಬಹಳ ಮಂದಿಗೆ ಸಂಜೆಯಾಗುತ್ತಿದ್ದಂತೆ ಗೊಂದಲ, ಚಡಪಡಿಕೆ ಹೆಚ್ಚುತ್ತದೆ. ಆದ್ದರಿಂದ ಮದುವೆಗೆ ಹೋಗುವುದಾದರೆ ಹಿಂದಿನ ರಾತ್ರಿಯ ಆರತಕ್ಷತೆಯನ್ನು ಬಿಟ್ಟು ಬೆಳಗಿನ ಧಾರೆಗೆ ಹೋಗುವುದು ಉತ್ತಮ. ಧ್ವನಿವರ್ಧಕದಿಂದ ದೂರ, ಗೋಡೆಗೆ ಬೆನ್ನು ಕೊಟ್ಟು ಕೂರಿಸಿ, ಶೌಚಾಲಯ ಎಲ್ಲಿದೆಯೆಂದು ಮೊದಲೇ ನೋಡಿಟ್ಟುಕೊಂಡು, ಮೊದಲ ಪಂಕ್ತಿಯಲ್ಲಿ ಊಟ ಮುಗಿಸಿ ಹೊರಟುಬಿಡಬಹುದು. ದಸರೆಯಲ್ಲಿ ಜಂಬೂ ಸವಾರಿಯ ನೂಕುನುಗ್ಗಲಿಗಾಗಲಿ, ದೀಪಾಲಂಕಾರದ ರಾತ್ರಿಯ ಜನಜಂಗುಳಿಗಾಗಲಿ ಕರೆದೊಯ್ಯುವುದು ಸಲ್ಲದು. ಅದೇ ನವರಾತ್ರಿಯಲ್ಲಿ ನಾಲ್ಕು ಮನೆ ಆಚೆ ಗೊಂಬೆ ಕೂರಿಸಿದ್ದರೆ, ಹೊತ್ತು ಮುಳುಗುವ ಮುಂಚೆ ಅಲ್ಲಿಗೆ ಹೋಗಿ ಬರುವುದು ಹೇಳಿ ಮಾಡಿಸಿದಂತಹ ಭೇಟಿ: ಐದಾರು ಜನ, ಬಾಲ್ಯದಿಂದ ಕಂಡ ಪಟ್ಟದ ಗೊಂಬೆಗಳು, ಒಂದು ಹಾಡು, ಅರಿಶಿನ ಕುಂಕುಮ, ಚರುಪು. ಅಲ್ಲಿ ಏನು ಮಾಡಬೇಕೆಂದು ಕೈಗೆ ಗೊತ್ತಿರುತ್ತದೆ.

ಎದುರಾದವರು ಮಾತನಾಡಬೇಕಾದ ರೀತಿ

ನಮ್ಮ ಕಡೆ ಹಿರಿಯರನ್ನು ಕಂಡೊಡನೆ “ನಾನು ಯಾರು ಹೇಳಿ ನೋಡೋಣ?” ಎಂದು ಕೇಳುವ ಅಭ್ಯಾಸ ಬಲವಾಗಿದೆ. ಪ್ರೀತಿಯಿಂದಲೇ ಕೇಳುತ್ತಾರೆ, ಆದರೆ ಮರೆವಿನ ಕಾಯಿಲೆ ಇರುವವರ ಪಾಲಿಗೆ ಅದು ಎಲ್ಲರೆದುರು ನಡೆಯುವ ಪರೀಕ್ಷೆ, ಫಲಿತಾಂಶ ಮೊದಲೇ ನಿರ್ಧಾರವಾದದ್ದು. ಎದುರಿಗೆ ಬಂದು, ಕಣ್ಣಿಗೆ ಕಾಣುವಂತೆ ನಿಂತು, “ನಮಸ್ಕಾರ ಮೇಷ್ಟ್ರೇ, ನಾನು ಸರಸ್ವತಿಪುರಂನ ನಿಮ್ಮ ಹಳೆಯ ವಿದ್ಯಾರ್ಥಿ” ಎಂದು ತಾವೇ ಪರಿಚಯ ಹೇಳಿಕೊಂಡರೆ ಆ ಭಾರ ಇಳಿಯುತ್ತದೆ. ಒಂದು ಸಲಕ್ಕೆ ಒಂದೇ ಪ್ರಶ್ನೆ, ಉತ್ತರಕ್ಕೆ ಸಾವಕಾಶ, ಅದೇ ಮಾತು ಮೂರನೆಯ ಬಾರಿ ಬಂದರೂ ಮೊದಲ ಬಾರಿ ಕೇಳಿದಂತೆ ಕೇಳುವ ತಾಳ್ಮೆ ಬೇಕು. ಅವರು ಪಕ್ಕದಲ್ಲಿರುವಾಗಲೇ “ಇವರಿಗೆ ಈಗ ಏನೂ ಗೊತ್ತಾಗುವುದಿಲ್ಲವೇ?” ಎಂದು ಮಗಳನ್ನು ಕೇಳುವುದು ಎಲ್ಲಕ್ಕಿಂತ ಕೆಟ್ಟದ್ದು.

ಇದನ್ನೆಲ್ಲ ಬೀದಿಯವರು ಕಲಿಯುವುದು ಮನೆಯವರು ಬಾಯಿ ಬಿಟ್ಟಾಗ ಮಾತ್ರ. ಕಾಯಿಲೆಯನ್ನು ಮುಚ್ಚಿಟ್ಟರೆ ನೆರೆಯವರಿಗೆ ಕಾಣುವುದು ವಿಚಿತ್ರ ನಡವಳಿಕೆಯಷ್ಟೇ. ಜಪಾನ್ ದೇಶ 2005ರಿಂದ ಅಂಗಡಿಯವರು, ಬ್ಯಾಂಕಿನವರು, ಶಾಲಾ ಮಕ್ಕಳು ಹೀಗೆ ಸಾಮಾನ್ಯರಿಗೇ ಡಿಮೆನ್ಶಿಯಾ ಕುರಿತು ಚಿಕ್ಕ ತರಬೇತಿ ಕೊಡುತ್ತಾ ಬಂದಿದ್ದು, ಹಾಗೆ ತರಬೇತಿ ಪಡೆದವರ ಸಂಖ್ಯೆ 1 ಕೋಟಿ ದಾಟಿದೆ. ನೆದರ್ಲೆಂಡ್ಸ್‌ನ ಲೈಡನ್ ನಗರದಲ್ಲಿ 1997ರಲ್ಲಿ ಶುರುವಾದ ‘ಆಲ್ಝೈಮರ್ ಕೆಫೆ’ಗಳಲ್ಲಿ ಕಾಯಿಲೆ ಇರುವವರು, ಮನೆಯವರು, ವೈದ್ಯರು ಒಂದೇ ಕಡೆ ಕುಳಿತು ಕಾಫಿ ಕುಡಿಯುತ್ತಾ ಮಾತನಾಡುತ್ತಾರೆ. ಭಜನಾ ಮಂಡಳಿ, ಹಿರಿಯ ನಾಗರಿಕರ ವೇದಿಕೆ, ಉದ್ಯಾನದ ಯೋಗ ಗುಂಪುಗಳಿಗೆ ಕೊರತೆಯಿಲ್ಲದ ಮೈಸೂರಿನಲ್ಲಿ ಹೊಸದನ್ನು ಕಟ್ಟುವುದಕ್ಕಿಂತ ಇರುವ ಗುಂಪುಗಳಿಗೆ ತಿಳಿವಳಿಕೆ ಕೊಡುವುದು ಸುಲಭ ಎಂದು ನನಗೆ ತೋರುತ್ತದೆ.

ದಾರಿ ತಪ್ಪುವ ಭಯ

ಈ ಭಯ ಸುಳ್ಳಲ್ಲ. ಪರಿಚಿತ ತಿರುವಿನಲ್ಲೇ ದಿಕ್ಕು ತೋಚದಂತಾಗುವುದು ಕಾಯಿಲೆಯ ಒಂದು ಭಾಗ. ಹೆಸರು, ಮನೆಯವರ ಇಬ್ಬರ ಮೊಬೈಲ್ ಸಂಖ್ಯೆ ಬರೆದ ಚೀಟಿಯನ್ನು ಜೇಬಿನಲ್ಲಿಡುವುದರ ಜೊತೆಗೆ ಅಂಗಿಯ ಒಳಮಗ್ಗುಲಿಗೆ ಹೊಲಿದಿಡುವುದು ಒಳ್ಳೆಯದು, ಏಕೆಂದರೆ ಜೇಬಿನ ಚೀಟಿ ಕಳೆದುಹೋಗುತ್ತದೆ. ಇತ್ತೀಚಿನ ಫೋಟೊ ಮೊಬೈಲಿನಲ್ಲಿರಲಿ. ಹೊರಡುವಾಗ ಏನು ಬಟ್ಟೆ ಹಾಕಿದ್ದರು ಎಂಬುದನ್ನು ಗಮನಿಸುವ ರೂಢಿ ಬೇಕು. ಕಾಣೆಯಾದರೆ ಗಂಟೆಗಟ್ಟಲೆ ಮನೆಯವರೇ ಹುಡುಕುತ್ತಾ ಕೂರದೆ ಕೂಡಲೇ 112ಕ್ಕೆ ಕರೆ ಮಾಡಬೇಕು. ಹಿರಿಯ ನಾಗರಿಕರ ಸಹಾಯವಾಣಿ 14567, ಆರೈಕೆ ಮಾಡುವವರೂ ಸೇರಿದಂತೆ ಯಾರಾದರೂ ಕರೆಯಬಹುದಾದ ಮಾನಸಿಕ ಆರೋಗ್ಯದ ಟೆಲಿ ಮನಸ್ 14416. ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಸರ್ಕಾರ ನಡೆಸುತ್ತಿರುವ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಮೆದುಳು ಆರೋಗ್ಯ ಕ್ಲಿನಿಕ್‌ಗಳನ್ನು ತೆರೆಯಲಾಗಿದೆ. ಮೊದಲ ತಪಾಸಣೆಗೆ ಬೆಂಗಳೂರಿಗೇ ಓಡಬೇಕಾಗಿಲ್ಲ.

ಸಾಕು ಎನ್ನುವ ಹಂತ

ಕಾಯಿಲೆ ಮುಂದುವರಿದಂತೆ ಹೊರಗಿನ ಭೇಟಿಯೇ ಹಿಂಸೆಯಾಗುವ ಕಾಲ ಬರುತ್ತದೆ. ಹೊರಟ ಸ್ವಲ್ಪ ಹೊತ್ತಿಗೇ “ಮನೆಗೆ ಹೋಗೋಣ” ಎಂದು ಪದೇ ಪದೇ ಹೇಳುವುದು, ಜನರನ್ನು ಕಂಡು ಕೈ ಬಿಗಿಯಾಗಿ ಹಿಡಿಯುವುದು, ಬಂದ ಮೇಲೆ ಆ ರಾತ್ರಿ ನಿದ್ದೆ ಕೆಡುವುದು ಇವು ಅದರ ಗುರುತುಗಳು. ಒಂದು ದಿನ ಹೀಗಾದರೆ ಹಸಿವೋ, ಮಲಬದ್ಧತೆಯೋ, ಮೂತ್ರದ ಸೋಂಕೋ ಕಾರಣವಿರಬಹುದು. ಅವನ್ನು ನೋಡಿಕೊಂಡ ನಂತರವೂ ಸತತವಾಗಿ ಹಾಗೇ ಆಗುತ್ತಿದ್ದರೆ ದೂರವನ್ನು ಗೇಟಿಗೆ, ಜಗುಲಿಗೆ ಇಳಿಸಬೇಕು. ಆಗ ಹೊರಗಿನವರು ಒಳಗೆ ಬರುವುದು ಮುಖ್ಯವಾಗುತ್ತದೆ. ಒಂದು ಸಲಕ್ಕೆ ಒಬ್ಬಿಬ್ಬರು ಬಂದರೆ ಸಾಕು, ಊಟದ ಮತ್ತು ನಿದ್ದೆಯ ಹೊತ್ತು ತಪ್ಪಿಸಿ ಬರಬೇಕು, ಬಂದಾಗ ಟಿವಿ ಆರಿಸಿರಬೇಕು. ಹಾಗೆ ಯಾರಾದರೂ ಜೊತೆಗೆ ಕುಳಿತಿರುವ ಅರ್ಧ ಗಂಟೆಯಲ್ಲಿ, ದಿನವಿಡೀ ನೋಡಿಕೊಳ್ಳುವ ಹೆಂಡತಿಯೋ ಸೊಸೆಯೋ ಕಾಫಿ ಮಾಡಿಕೊಡಲು ಅಡುಗೆಮನೆಗೆ ಹೋಗದೆ, ತನ್ನ ಕೆಲಸಕ್ಕೆಂದು ಹೊರಗೆ ಹೋಗಿ ಬರುವಂತಾಗಬೇಕು.